ನಲವತ್ತೈದು ನಿಮಿಷ ಅಮ್ಮನಿಗೆ ಬಿಡಿ

ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ತಾಯಂದಿರ ಕೈಯಲ್ಲಿ ಕಲೆಗೆ ಬರವಿಲ್ಲ. ಬರ ಇರುವುದು ಬಿಡುವಿಗೆ ಮತ್ತು ಕೇಳುವ ಕಿವಿಗೆ. ಮೊಬೈಲ್ ಪರದೆಯಲ್ಲಿ ಬರುವ ಕಲಾ ಚಿಕಿತ್ಸೆ ಕೇಳುವ ಕಿವಿಯನ್ನು ತಂದುಕೊಡಬಲ್ಲದು. ಬಿಡುವನ್ನು ಮಾತ್ರ ಮನೆಯವರೇ ಮಾಡಿಕೊಡಬೇಕು.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಅವರ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ವಿದ್ವಾಂಸ ಕೃಷ್ಣಮೂರ್ತಿ ಹನೂರರು ಹಟ್ಟಿಗೆ ಹೋಗಿ ಕೂತು ಅವರ ಹಾಡುಗಳನ್ನು ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಈ ಸೀಮೆಯ ಹೆಂಗಸರ ಹಾಡಿಕೆಯಲ್ಲಿ ದೇವರ ಪದವಿದೆ, ಮದುವೆಯ ಸೋಬಾನೆಯಿದೆ, ಬಸಿರು ಬಯಕೆ, ತೊಟ್ಟಿಲು, ತವರಿನ ನೆನಪು ಎಲ್ಲವೂ ಇವೆ. ಒಬ್ಬಾಕೆ ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ತನ್ನ ದುಃಖವನ್ನು ನೇರವಾಗಿ ಹೇಳಿಕೊಳ್ಳಲಾಗದ ಸೊಸೆಯೂ ಆ ಗುಂಪಿನಲ್ಲಿ ಕೂತು ಗಟ್ಟಿಯಾಗಿ ಹಾಡಬಹುದಿತ್ತು. ಹಾಡಿನೊಳಗೆ ಅತ್ತರೆ ಯಾರೂ ಯಾಕೆಂದು ಕೇಳುತ್ತಿರಲಿಲ್ಲ.

2018ರಲ್ಲಿ ಲಂಡನ್ನಿನ ಸಂಶೋಧಕರು ಇಂಥದ್ದನ್ನೇ ಅಳೆದು ನೋಡಿದರು. ಹೆರಿಗೆಯ ನಂತರ ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಗುವಿನೊಡನೆ ಕೂತು ಹತ್ತು ವಾರ ಹಾಡುವ ತರಗತಿ, ಇನ್ನೊಂದಕ್ಕೆ ಮಗುವಿನೊಡನೆ ಆಟದ ತರಗತಿ, ಮೂರನೆಯದಕ್ಕೆ ಎಂದಿನ ಆರೈಕೆ ಮಾತ್ರ. ದಿನ ಕಳೆದಂತೆ ಮೂರೂ ಗುಂಪಿನವರು ಸುಧಾರಿಸಿದರು. ಆದರೆ ಖಿನ್ನತೆ ಹೆಚ್ಚಿದ್ದವರ ಪೈಕಿ ಹಾಡಿದವರು ಬೇಗ ಚೇತರಿಸಿಕೊಂಡರು. ಮೊದಲ ಆರು ವಾರದಲ್ಲೇ ಅವರ ಲಕ್ಷಣಗಳು ಸುಮಾರು ಶೇ 35ರಷ್ಟು ಇಳಿದಿದ್ದವು. ಈ ಅಧ್ಯಯನದ ಮುಂಚೂಣಿಯಲ್ಲಿದ್ದ ಡೇಸಿ ಫ್ಯಾನ್‌ಕೋರ್ಟ್ ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಗಾಗಿ ಒಂದು ವರದಿಯನ್ನೂ ಸಿದ್ಧಪಡಿಸಿದರು. ಕಲೆ ಮತ್ತು ಆರೋಗ್ಯದ ನಂಟಿನ ಬಗ್ಗೆ ನಡೆದ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಆ ವರದಿ ಒಟ್ಟುಗೂಡಿಸಿ ನೋಡಿತ್ತು.

ಹಟ್ಟಿಯ ಹಾಡಿಕೆ ಈಗ ಹಿಂದಿನಂತಿಲ್ಲ. ಹಾಡು ಗೊತ್ತಿದ್ದ ಅಜ್ಜಿಯರು ಒಬ್ಬೊಬ್ಬರಾಗಿ ಹೊರಟುಹೋದರು. ಮಗುವಿನ ಅಳು, ಬತ್ತಿದ ಕೊಳವೆಬಾವಿ, ಗಂಡನ ಸಾಲ, ರಾತ್ರಿಯ ನಿದ್ದೆಗೇಡು ಮಾತ್ರ ಹಾಗೇ ಇವೆ. ಹಾಗಾದರೆ ಇಂದಿನ ತಾಯಿ ಎದೆಯ ಭಾರವನ್ನು ಎಲ್ಲಿ ಇಳಿಸಬೇಕು? ಪಟ್ಟಣಗಳಲ್ಲಿ ಈ ಪ್ರಶ್ನೆಗೆ ಸಿಗುತ್ತಿರುವ ಒಂದು ಉತ್ತರ ಆನ್‌ಲೈನ್ ಕಲಾ ಚಿಕಿತ್ಸೆ. ಅದು ಈ ಬಯಲುಸೀಮೆಗೆ ಹೊಂದುತ್ತದೆಯೇ, ಹೊಂದಬೇಕಾದರೆ ಏನೇನು ಬೇಕು ಎಂಬುದನ್ನು ನೋಡೋಣ.

ಬೇಜಾರು, ಸುಸ್ತು, ಎದೆಭಾರ

‘ಖಿನ್ನತೆ’ ಎನ್ನುವವರು ಇಲ್ಲಿ ಅಪರೂಪ. ‘ಯಾಕೋ ಬೇಜಾರು ಕಣಕ್ಕ’, ‘ಎದೆ ಮ್ಯಾಲೆ ಕಲ್ಲಿಟ್ಟಂಗೆ ಐತೆ’, ‘ಮೈ ಕೈಯೆಲ್ಲ ಸೋತು ಬತ್ತೈತೆ’ ಎನ್ನುತ್ತಾರೆ. ಆಸ್ಪತ್ರೆಗೆ ಬಂದರೂ ತೋರಿಸುವುದು ತಲೆನೋವು, ಸೊಂಟನೋವು, ಹಾಲು ಸಾಲದು ಎಂಬ ದೂರು. ರಕ್ತ ಕಡಿಮೆಯೆಂದು ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸುತ್ತಾರೆ. ರಕ್ತ ಕಡಿಮೆ ಇರುವುದೂ ಸುಳ್ಳಲ್ಲ. ಆದರೆ ಅದರ ಹಿಂದೆ ಇನ್ನೊಂದು ನೋವು ಇದ್ದರೆ ಅದು ಚೀಟಿಯಲ್ಲಿ ಬರುವುದಿಲ್ಲ.

ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಸೇರಿಸಿ ನೋಡಿದ ಒಂದು ವಿಶ್ಲೇಷಣೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಟ್ಟು ಇಪ್ಪತ್ತು ಸಾವಿರ ತಾಯಂದಿರ ಮಾಹಿತಿ ಅದರಲ್ಲಿತ್ತು. ಹೆರಿಗೆಯಾದವರಲ್ಲಿ ಶೇ 22ರಷ್ಟು ಮಂದಿಗೆ ಖಿನ್ನತೆ ಕಂಡುಬಂದಿತ್ತು, ಅಂದರೆ ಸುಮಾರು ಐವರಲ್ಲಿ ಒಬ್ಬರಿಗೆ. ಹಣದ ಮುಗ್ಗಟ್ಟು, ಮನೆಯಲ್ಲಿ ಹಿಂಸೆ, ಗಂಡನ ಆಸರೆ ಇಲ್ಲದಿರುವುದು, ಹೆಣ್ಣು ಹುಟ್ಟಿತೆಂಬ ಮೂದಲಿಕೆ ಇವೆಲ್ಲ ಅಪಾಯವನ್ನು ಹೆಚ್ಚಿಸುವ ಕಾರಣಗಳೆಂದು ಅದು ಗುರುತಿಸಿತ್ತು. ಖಿನ್ನತೆಯ ಮಟ್ಟ ಮುಟ್ಟದ, ಆದರೆ ದಿನದಿನವೂ ಜೀವ ಹಿಂಡುವ ಒತ್ತಡ ಈ ಲೆಕ್ಕದಿಂದ ಹೊರಗೇ ಉಳಿಯುತ್ತದೆ.

ನಮ್ಮಲ್ಲಿ ಬಾಣಂತನ ಎಂಬ ದೊಡ್ಡ ಆಸರೆ ಇದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದ ಮಗಳಿಗೆ ಎಣ್ಣೆ ನೀರು, ಖಾರ, ಬೆಚ್ಚನೆ ಮೂಲೆ, ಮಗು ನೋಡಿಕೊಳ್ಳಲು ಅಮ್ಮ ಎಲ್ಲವೂ ಸಿಗುತ್ತವೆ. ಕಷ್ಟ ಶುರುವಾಗುವುದು ಮೂರು ಅಥವಾ ಐದು ತಿಂಗಳ ನಂತರ, ಗಂಡನ ಮನೆಗೆ ವಾಪಸಾದ ಮೇಲೆ. ಆಗ ಮಗುವೂ ಅವಳದೇ, ಒಲೆಯೂ ಅವಳದೇ, ಹೊಲದ ಕಳೆಯೂ ಅವಳದೇ. ಎರಡನೆಯ, ಮೂರನೆಯ ಹೆರಿಗೆಗೆ ತವರಿನ ಆಸರೆಯೂ ತೆಳುವಾಗುತ್ತದೆ.

ಕಾಡುಗೊಲ್ಲರ ಹಟ್ಟಿಗಳಲ್ಲಿ ಮತ್ತೊಂದು ಕಷ್ಟವಿದೆ. ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗೆ ಇರಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಗುಡಿಸಲಿನಲ್ಲಿದ್ದ ಎಳೆಗೂಸು ಮಳೆ ಚಳಿಗೆ ಸಿಕ್ಕು ಸತ್ತಾಗ ರಾಜ್ಯವೇ ಬೆಚ್ಚಿತು. ಕೂಸಿನ ಸಾವು ಸುದ್ದಿಯಾಯಿತು. ಹಾಗೆ ಹೊರಗೆ ಕೂತ ತಾಯಿಯ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದು ಸುದ್ದಿಯಾಗುವುದಿಲ್ಲ. ಅಂಥ ಗುಡಿಸಲಿಗೆ ಬೇಕಾದದ್ದು ಬಣ್ಣದ ಪೆನ್ಸಿಲ್ ಅಲ್ಲ. ಮೊದಲು ಆಕೆ ಮನೆಯೊಳಗೆ ಬರಬೇಕು. ಕಲೆಯ ಮಾತು ಆಮೇಲಿನದು.

ಕೈಯಲ್ಲಿ ಕಲೆ ಇದೆ, ಅದು ಕೂಲಿಯ ಕಲೆ

ಈ ಎರಡು ತಾಲ್ಲೂಕುಗಳಷ್ಟು ಕೈಕಸುಬು ಇರುವ ಸೀಮೆ ಕಡಿಮೆ. ಮೊಳಕಾಲ್ಮುರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಅಂಚಿನಲ್ಲಿ, ಸೆರಗಿನಲ್ಲಿ ಹೂವು, ಹಣ್ಣು, ಪ್ರಾಣಿ ಪಕ್ಷಿಗಳು ಮೂಡುವ ಸೀರೆ ಅದು. ಮಗ್ಗದ ಮೇಲೆ ಗಂಡಸರು ಕೂತರೆ ನೂಲು ಬಿಡಿಸುವುದು, ಕಂಡಿಕೆ ಸುತ್ತುವುದು ಮನೆಯ ಹೆಂಗಸರ ಪಾಲು. ಎಷ್ಟೋ ಮನೆಗಳಲ್ಲಿ ಅವರೇ ಮಗ್ಗಕ್ಕೂ ಇಳಿಯುತ್ತಾರೆ. ಚಳ್ಳಕೆರೆ ಕಡೆ ಕುರಿ ಉಣ್ಣೆಯ ಕರಿ ಕಂಬಳಿ ಹೆಸರುವಾಸಿ. ಉಣ್ಣೆ ಹಿಂಜಿ ನೂಲು ತೆಗೆಯುವುದು ಅಲ್ಲಿಯೂ ಹೆಂಗಸರ ಕೆಲಸ. ಕುದಾಪುರ, ಉಳ್ಳಾರ್ತಿಯ ಅಮೃತಮಹಲ್ ಕಾವಲಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಎಕರೆ ವಿಜ್ಞಾನ ಸಂಸ್ಥೆಗಳಿಗೆ ಹೋದ ಮೇಲೆ ಕುರಿ ಮೇಯುವ ಜಾಗ ಕುಗ್ಗಿತು. ಕುರಿ ಕುಗ್ಗಿದ ಮನೆಯಲ್ಲಿ ಉಣ್ಣೆಯ ಕೆಲಸವೂ ಕುಗ್ಗಿತು.

ಹಾಗಿದ್ದರೆ ದಿನವಿಡೀ ಬಣ್ಣದ ನೂಲಿನ ನಡುವೆ ಇರುವವರಿಗೆ ಬೇರೆ ಕಲಾ ಚಿಕಿತ್ಸೆ ಯಾಕೆ ಎಂದು ಯಾರಾದರೂ ಕೇಳಬಹುದು. ಕಂಡಿಕೆ ಸುತ್ತುವವಳಿಗೆ ಬಣ್ಣ ಆರಿಸುವ ಹಕ್ಕಿಲ್ಲ, ಅದನ್ನು ಸೀರೆಯ ವ್ಯಾಪಾರಿ ಆರಿಸಿರುತ್ತಾನೆ. ಎಳೆ ತಪ್ಪಿದರೆ ಕೂಲಿಗೆ ಹೊಡೆತ. ಕೆಲಸ ಮುಗಿಯುವ ಮುನ್ನ ಮಗು ಎದ್ದರೆ ಎರಡೂ ಕೆಡುತ್ತವೆ. ಮನಸ್ಸನ್ನು ಹಗುರ ಮಾಡುವ ಕಲೆಯ ಮೊದಲ ಷರತ್ತೇ ಅದು ಕೆಟ್ಟರೂ ನಷ್ಟವಿಲ್ಲ ಎಂಬುದು. ಅಂಗಳದ ರಂಗೋಲಿಯಲ್ಲಿ ಆ ಬಿಡುಗಡೆ ಸ್ವಲ್ಪ ಇದೆ. ಆದರೆ ಅದಕ್ಕೂ ನಸುಕಿನ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಸಿಗುವುದಿಲ್ಲ.

ಸಮಯದ ಲೆಕ್ಕ ಸರ್ಕಾರದ ಬಳಿಯೇ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾಳೆ, ಗಂಡಸು 97 ನಿಮಿಷ. ಮಕ್ಕಳು, ಮುದುಕರು, ರೋಗಿಗಳ ಆರೈಕೆಗೆ ಹೆಂಗಸು 134 ನಿಮಿಷ, ಗಂಡಸು 76 ನಿಮಿಷ. ಎರಡನ್ನೂ ಮಾಡುವವಳಿಗೆ ದಿನದಲ್ಲಿ ಏಳು ತಾಸಿಗೂ ಹೆಚ್ಚು ಇದಕ್ಕೇ ಹೋಯಿತು. ಕಂಡಿಕೆ, ಕಳೆ, ಶೇಂಗಾ ಬಿಡಿಸುವ ಕೂಲಿ ಇದರ ಮೇಲಿನದು.

ಡ್ರಾಯಿಂಗ್ ಕ್ಲಾಸ್ ಬೇರೆ, ಚಿಕಿತ್ಸೆ ಬೇರೆ

ಕಲಾ ಚಿಕಿತ್ಸೆಗೆ ಆ ಹೆಸರು ಬಂದದ್ದು 1942ರಲ್ಲಿ. ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್ ಕ್ಷಯರೋಗದಿಂದ ಸ್ಯಾನಿಟೋರಿಯಂ ಸೇರಿದ್ದಾಗ ಹಾಸಿಗೆಯಲ್ಲೇ ಚಿತ್ರ ಬರೆಯುತ್ತ ಚೇತರಿಸಿಕೊಂಡರು. ಆಮೇಲೆ ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರ ಕೈಗೂ ಪೆನ್ಸಿಲ್ ಕೊಟ್ಟರು. ಅದೇ ದಶಕದಲ್ಲಿ ಅಮೆರಿಕದ ಮಾರ್ಗರೆಟ್ ನೌಂಬರ್ಗ್ ಮನೋರೋಗಿಗಳ ಜೊತೆ ಕೆಲಸ ಮಾಡಿ ಈ ವಿದ್ಯೆಗೆ ಒಂದು ಪದ್ಧತಿ ಕೊಟ್ಟರು. ಚಿತ್ರದ ಅರ್ಥವನ್ನು ಚಿಕಿತ್ಸಕರು ಹೇಳಬಾರದು, ಬರೆದವರ ಬಾಯಿಂದಲೇ ಬರಬೇಕು ಎಂಬುದು ಅವರ ಪಾಠ.

ಡ್ರಾಯಿಂಗ್ ತರಗತಿಗೂ ಇದಕ್ಕೂ ಇರುವ ಅಂತರ ಇಲ್ಲಿಯೇ. ತರಗತಿಯಲ್ಲಿ ಚಿತ್ರ ಚೆನ್ನಾಗಿ ಬರಬೇಕು. ಚಿಕಿತ್ಸೆಯಲ್ಲಿ ಚಿತ್ರ ಸೊಟ್ಟಗಿದ್ದರೂ ಸರಿ, ಬರೆದ ಮೇಲೆ ಮಾತು ಹೊರಗೆ ಬರಬೇಕು. ಬಾರದಿದ್ದರೂ ಬಲವಂತವಿಲ್ಲ. ಎದುರಿಗೆ ಕೂತವರು ತರಬೇತಿ ಪಡೆದವರಾಗಿರಬೇಕು. ಅಳು ಬಂದರೆ ಏನು ಮಾಡಬೇಕು, ಯಾವ ಮಾತು ಕೇಳಿದರೆ ವೈದ್ಯರ ಬಳಿ ಕಳಿಸಬೇಕು ಎಂಬುದು ಅವರಿಗೆ ಗೊತ್ತಿರಬೇಕು. ಬಣ್ಣದ ಪುಸ್ತಕ ಮಾರುವವರೆಲ್ಲ ಇಂದು ‘ಥೆರಪಿ’ ಎನ್ನುತ್ತಿದ್ದಾರೆ. ಹಣ ಕಟ್ಟುವ ಮುನ್ನ ಎಲ್ಲಿ ಕಲಿತಿರಿ, ಎಷ್ಟು ಕಾಲ ಕಲಿತಿರಿ, ಯಾವ ಮನೋವೈದ್ಯರ ಜೊತೆ ಕೆಲಸ ಮಾಡುತ್ತೀರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇದರಿಂದ ಲಾಭವಿದೆಯೇ ಎಂಬುದಕ್ಕೆ ಒಂದು ಪ್ರಯೋಗವನ್ನು ನೋಡಬಹುದು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಭಾರತ ಮೂಲದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ವಯಸ್ಕರಿಗೆ ಜೇಡಿಮಣ್ಣು, ಮಾರ್ಕರ್ ಪೆನ್ನು, ಕೊಲಾಜ್‌ಗೆ ಬೇಕಾದ ಕಾಗದ ಕೊಟ್ಟು 45 ನಿಮಿಷ ಇಷ್ಟಬಂದದ್ದನ್ನು ಮಾಡಲು ಬಿಟ್ಟರು. ಮೊದಲೂ ಆಮೇಲೂ ಜೊಲ್ಲು ಪರೀಕ್ಷಿಸಿ, ಒತ್ತಡದ ಹೊತ್ತಿನಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಾಲ್ಕರಲ್ಲಿ ಮೂವರಿಗೆ ಅದು ಇಳಿದಿತ್ತು. ಮುಂಚೆ ಚಿತ್ರ ಬರೆದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಚಿಕ್ಕದು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಭಾಗವಹಿಸಿದವರು ಬಾಣಂತಿಯರೂ ಅಲ್ಲ. ಆದ್ದರಿಂದ ಇದನ್ನು ಮದ್ದೆಂದು ಸಾರುವಂತಿಲ್ಲ. ‘ನಂಗೆ ಬರೆಯೋಕೆ ಬರಲ್ಲ’ ಎಂದು ಹಿಂದೆ ಸರಿಯುವ ತಾಯಿಗೆ ಧೈರ್ಯ ಹೇಳಲು ಮಾತ್ರ ಇಷ್ಟು ಸಾಕು.

ಪರದೆಯ ಆಚೆ ಈಚೆ

ಕೋವಿಡ್ ಬಂದಾಗ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್ ಟೆಲಿ ಮನೋವೈದ್ಯಕೀಯಕ್ಕೆ ಕಾರ್ಯವಿಧಾನ ರೂಪಿಸಿತು. ಮನಸ್ಸಿನ ಆರೈಕೆ ಫೋನಿನಲ್ಲಿಯೂ ನಡೆಯಬಹುದೆಂಬ ಭರವಸೆ ಆಗ ಜನರಿಗೆ ಬಂತು. ಆಪ್ತಸಲಹೆಯ ಹಿಂದೆಯೇ ಕಲಾ ಚಿಕಿತ್ಸೆಯೂ ಪರದೆಗೆ ಬಂತು.

ಅದು ನಡೆಯುವ ಬಗೆ ಸರಳ. ವಾರಕ್ಕೊಮ್ಮೆ, ಗೊತ್ತಾದ ಹೊತ್ತಿಗೆ ನಾಲ್ಕೈದು ತಾಯಂದಿರು ಅಥವಾ ಒಬ್ಬರೇ ವಿಡಿಯೊ ಕರೆಗೆ ಬರುತ್ತಾರೆ. ಫೋನನ್ನು ಚೊಂಬಿಗೋ ಡಬ್ಬಕ್ಕೋ ಒರಗಿಸಿ ನಿಲ್ಲಿಸಿ, ಮುಖದ ಬದಲು ಕೈ ಮತ್ತು ಕಾಗದ ಕಾಣುವಂತೆ ಇಟ್ಟುಕೊಳ್ಳಬಹುದು. ಮುಖ ತೋರಿಸಲು ನಾಚುವವರಿಗೆ ಇದು ಅನುಕೂಲ. ಮೊದಲ ಐದು ನಿಮಿಷ ಸುಮ್ಮನೆ ಗೀಚುವುದು. ಆಮೇಲೆ ಚಿಕಿತ್ಸಕಿ ಒಂದು ಎಳೆ ಕೊಡುತ್ತಾರೆ: ಇವತ್ತಿನ ದಿನಕ್ಕೆ ಒಂದು ಬಣ್ಣ ಹಚ್ಚಿ, ನಿಮ್ಮ ಮೈಯಲ್ಲಿ ದಣಿವು ಎಲ್ಲಿದೆಯೋ ಅಲ್ಲಿ ಗುರುತು ಹಾಕಿ, ನೀವು ಒಬ್ಬರೇ ಇರಬೇಕೆನ್ನಿಸುವ ಜಾಗ ಬರೆಯಿರಿ. ಬರೆದಾದ ಮೇಲೆ ‘ಇದೇನು ಚಿತ್ರ?’ ಎಂಬ ಪರೀಕ್ಷೆ ಇರುವುದಿಲ್ಲ. ‘ಇದರಲ್ಲಿ ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತೆ?’ ಎಂದು ಕೇಳುತ್ತಾರೆ. ಮಗು ಎದ್ದು ಬಂದರೆ ಅದಕ್ಕೂ ಒಂದು ಹಾಳೆ ಕೊಟ್ಟರಾಯಿತು. ತಾಯಿ ಎಳೆದ ಗೆರೆಯನ್ನು ಮಗು ಮುಂದುವರಿಸುವುದೂ ಚಿಕಿತ್ಸೆಯ ಒಂದು ವಿಧವೇ.

ಸಾಮಾನಿಗೆ ಪೇಟೆಗೆ ಓಡಬೇಕಿಲ್ಲ. ಮನೆಯಲ್ಲೇ ರಂಗೋಲಿ ಪುಡಿ, ಸುಣ್ಣ, ಕೆಮ್ಮಣ್ಣು, ಅರಿಸಿನ, ಇದ್ದಿಲು ಇವೆ. ಕಂಡಿಕೆಯಲ್ಲಿ ಉಳಿದ ರೇಷ್ಮೆ ಎಳೆ, ಹಳೆ ಸೀರೆಯ ತುಂಡು, ಕುರಿ ಉಣ್ಣೆ ಇವೆ. ಕಾಗದದ ಮೇಲೆ ನೂಲನ್ನು ಅಂಟಿಸಿ ಚಿತ್ರ ಮಾಡಬಹುದು. ದಿನವೂ ಬೇರೆಯವರ ಸೀರೆಗೆ ಹೋಗುವ ನೂಲು ಅಂದು ಅವಳಿಷ್ಟದಂತೆ ಅಂಟುತ್ತದೆ. ಹಾಡು ಬಲ್ಲವರು ಹಾಡಲಿ, ಅದಕ್ಕೂ ಜಾಗವಿದೆ.

ತೊಡಕುಗಳೂ ಇವೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ಶೇ 54. ಇಂಟರ್ನೆಟ್ ಬಳಸಿದ ಹೆಂಗಸರು ಶೇ 33 ಮಾತ್ರ, ಗಂಡಸರು ಶೇ 57. ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಗಂಡನ ಜೇಬಿನಲ್ಲಿ ಹೊಲಕ್ಕೋ ಎಣ್ಣೆ ಮಿಲ್ಲಿಗೋ ಹೋಗಿರುತ್ತದೆ. ಎರಡನೆಯದು ಗುಟ್ಟಿನ ಪ್ರಶ್ನೆ. ಒಂದೇ ಕೋಣೆಯ ಮನೆಯಲ್ಲಿ ಅತ್ತೆ ಮಗ್ಗುಲಲ್ಲೇ ಕೂತಿರುವಾಗ ಸೊಸೆ ಏನು ಹೇಳಿಯಾಳು? ಇಲ್ಲಿ ಚಿತ್ರ ಮಾತಿಗಿಂತ ಅನುಕೂಲ, ನೋಡಿದವರಿಗೆ ಬರೀ ಗೆರೆಯಾಗಿ ಕಾಣುತ್ತದೆ. ಆದರೆ ಆ ಚಿತ್ರ ವಾಟ್ಸ್‌ಆ್ಯಪ್ ಗುಂಪಿಗೆ, ಸ್ಟೇಟಸ್‌ಗೆ ಹೋಗಬಾರದು ಎಂಬ ಕಟ್ಟುನಿಟ್ಟು ಮೊದಲ ದಿನವೇ ಆಗಬೇಕು. ಮೂರನೆಯದು ಭಾಷೆ. ಆಂಧ್ರದ ಗಡಿಯ ಈ ಸೀಮೆಯಲ್ಲಿ ಮ್ಯಾಸನಾಯಕರ ಎಷ್ಟೋ ಮನೆಗಳ ಒಳಮಾತು ತೆಲುಗು. ನಗರದ ಇಂಗ್ಲಿಷ್ ಚಿಕಿತ್ಸೆಯನ್ನು ಹಾಗೇ ಇಲ್ಲಿಗೆ ತಂದರೆ ಯಾರಿಗೂ ಉಪಯೋಗವಿಲ್ಲ.

ಬಣ್ಣ ಸಾಲದ ಹೊತ್ತು

ಎರಡು ವಾರ ಮೀರಿದರೂ ಬೇಸರ ಕಳೆಯದಿದ್ದರೆ, ಮಗು ಮಲಗಿದರೂ ತಾಯಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಮುಟ್ಟಲೂ ಮನಸ್ಸಾಗದಿದ್ದರೆ, ಸಾಯುವ ಮಾತು ಬಂದರೆ ವೈದ್ಯರು ಬೇಕು. ಹೆರಿಗೆಯಾದ ಮೊದಲ ವಾರಗಳಲ್ಲಿ ತಾಯಿ ಸಂಬಂಧವಿಲ್ಲದ್ದನ್ನು ಮಾತಾಡುತ್ತಿದ್ದರೆ, ಇಲ್ಲದ ದನಿ ಕೇಳುತ್ತದೆ ಎನ್ನುತ್ತಿದ್ದರೆ ಹಿರಿಯರು ಅದನ್ನು ಬಾಣಂತಿ ಸನ್ನಿ ಎನ್ನುತ್ತಾರೆ. ಅದು ತುರ್ತು ಕಾಯಿಲೆ. ತಾಯತ ಕಟ್ಟಿಸಲು ಹೋದ ಎರಡು ದಿನ ಎರಡು ಜೀವಕ್ಕೆ ಅಪಾಯ ತಂದೀತು. ಬೇಗ ಚಿಕಿತ್ಸೆ ಸಿಕ್ಕರೆ ಚೆನ್ನಾಗಿ ಗುಣವಾಗುವ ಕಾಯಿಲೆಯೂ ಹೌದು. ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಮನೋವೈದ್ಯೆ ಡಾ. ಪ್ರಭಾ ಚಂದ್ರ ಮತ್ತು ಅವರ ತಂಡ ಅದನ್ನು ಕಟ್ಟಿದರು.

ಮೊಳಕಾಲ್ಮುರಿನ ಗಡಿ ದಾಟಿದರೆ ಬಳ್ಳಾರಿ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರೆ ಮಾನಸಿಕ ಕಾಯಿಲೆಯನ್ನು ಅಲ್ಲೇ ನೋಡಿಕೊಳ್ಳಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಇಡೀ ದೇಶಕ್ಕೆ ತೋರಿಸಿಕೊಟ್ಟದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ತಳಹದಿ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ನಮ್ಮ ರಾಜ್ಯದ್ದೇ ಯೋಜನೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೂ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮನಸ್ಸಿನ ಆರೈಕೆ ಹಳ್ಳಿಗೆ ಬರಲಾರದು ಎಂಬ ಮಾತು ಈ ಸೀಮೆಯಲ್ಲಿ ನಿಲ್ಲುವುದಿಲ್ಲ.

ಇರುವುದನ್ನೇ ಜೋಡಿಸಿದರೆ

ಹೊಸ ಕಟ್ಟಡ, ಹೊಸ ಇಲಾಖೆ ಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ ನಲವತ್ತೆರಡು ದಿನದೊಳಗೆ ಆರು ಸಲ ಹೋಗುತ್ತಾರೆ. ಆಮೇಲೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಮೂರು ತಿಂಗಳಿಗೊಮ್ಮೆ ಹೋಗುತ್ತಾರೆ. ಮಗುವಿನ ತೂಕ ನೋಡುವ ಆ ಭೇಟಿಯಲ್ಲಿ ತಾಯಿಯ ನಿದ್ದೆ, ಅಳು, ಬೇಸರದ ಬಗ್ಗೆ ನಾಲ್ಕು ಪ್ರಶ್ನೆ ಸೇರಲಿ. 1987ರಲ್ಲಿ ಎಡಿನ್‌ಬರೋದಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಅಳತೆಪಟ್ಟಿ ಇದಕ್ಕೆಂದೇ ಇದೆ, ಅದರ ಕನ್ನಡ ರೂಪವೂ ಬಳಕೆಯಲ್ಲಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ವಾರದಲ್ಲಿ ಒಂದು ಮಧ್ಯಾಹ್ನ ಅಲ್ಲಿನ ಪರದೆಯನ್ನು ತಾಯಂದಿರಿಗೆ ಬಿಟ್ಟುಕೊಟ್ಟರೆ ಗಂಡನ ಫೋನಿಗೆ ಕಾಯಬೇಕಿಲ್ಲ, ಅತ್ತೆಯ ಕಿವಿಗೂ ಅಂಜಬೇಕಿಲ್ಲ. ಆ ಹೊತ್ತಿನಲ್ಲಿ ಕೂಸನ್ನು ಯಾರು ನೋಡಿಕೊಳ್ಳಬೇಕು? ಉದ್ಯೋಗ ಖಾತ್ರಿ ಕೂಲಿ ಮಾಡುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023–24ರ ಬಜೆಟ್‌ನಲ್ಲಿ ಹೇಳಿತ್ತು. ಕೂಲಿಯ ಹೊತ್ತಿಗೆ ಮಗುವನ್ನು ನೋಡಿಕೊಳ್ಳಬಹುದಾದರೆ ತಾಯಿಯ ಒಂದು ತಾಸಿನ ಬಿಡುವಿಗೂ ನೋಡಿಕೊಳ್ಳಬಹುದು.

ಇಷ್ಟೆಲ್ಲ ಆಗುವವರೆಗೆ ಮನೆಯವರು ಮಾಡಬಹುದಾದ್ದು ಒಂದಿದೆ. ವಾರದಲ್ಲಿ ಒಂದು ದಿನ ನಲವತ್ತೈದು ನಿಮಿಷ ಗಂಡ ಮಗುವನ್ನು ಎತ್ತಿಕೊಳ್ಳಲಿ, ಅತ್ತೆ ಒಲೆಯ ಮುಂದೆ ಕೂರಲಿ, ಫೋನು ತಾಯಿಯ ಕೈಯಲ್ಲಿರಲಿ. ಆಕೆ ಬರೆದದ್ದನ್ನು ನೋಡಿ ನಗಬೇಡಿ, ಹೊಗಳಲೂ ಬೇಡಿ, ತೋರಿಸು ಎಂದು ಪೀಡಿಸಲೂ ಬೇಡಿ. ಅಷ್ಟಾದರೂ ಎದೆಯ ಭಾರ ಇಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲೂ ಇರುಳೂ ಕರೆ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.